ಬರೋನ ಜಾಗ

ವಿಮಾನವೂ ತಡವಂತೆ. ಪ್ರತಿಯೊಂದು ಕಾಗದಕ್ಕೂ ಕಾದು ಅಭ್ಯಾಸವಾದವರಿಗೆ ಇದೊಂದು ಹೆಚ್ಚೇ ಎಂದು ನನ್ನ ಗಂಡ ಗುರುಕಿರಣ್ ಕಾಫಿ ತರಲು ಹೋಗಿದ್ದಾನೆ. ನಾನು ಗೇಟಿನ ಎದುರು ಕೂತು ದಿನಚರಿ ತೆಗೆದಿದ್ದೇನೆ. ನಮ್ಮತ್ತೆ ನಂಜಮ್ಮನವರ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಬರೆಯುವುದಾದರೆ ಈಗಲೇ ಬರೆಯಬೇಕು. ಎರಡು ವರ್ಷದ ಹುಡುಗ ಕೈಗೆ ಬಂದ ಮೇಲೆ ಪೆನ್ನು ಹಿಡಿಯಲು ಪುರುಸೊತ್ತೆಲ್ಲಿ?

ಈ ಮಾತನ್ನು ಅತ್ತೆಯ ಎದುರು ಆಡಿದ್ದರೆ ಅವರು ಸೌಟು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು. ಬರುವ ಮೊದಲೇ ಬಂದ ಹಾಗೆ ಮಾತಾಡುವುದು ಅವರಿಗೆ ಆಗಿಬರುವುದಿಲ್ಲ. ಮದ್ದೂರಿನ ಹತ್ತಿರದ ಅವರ ಊರಿನಲ್ಲಿ ಹಾಲಿನ ಸಂಘವಿದೆ. ಮಾವ ತೀರಿಕೊಂಡ ಮೇಲೆ ಬಹಳ ವರ್ಷ ಅಲ್ಲಿ ಹಾಲು ಅಳೆದುಕೊಳ್ಳುವ ಕೆಲಸ ಮಾಡಿದರು. ನಾಳೆ ಇನ್ನೊಂದು ಲೀಟರು ಜಾಸ್ತಿ ತರುತ್ತೇನೆ ಎಂದು ಯಾರಾದರೂ ಹೇಳಿದರೆ ‘ತಂದ್ಮ್ಯಾಲೆ ಬರ್ಕೊತೀನಿ ಬುಡು’ ಅನ್ನುತ್ತಿದ್ದರಂತೆ. ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದೆ ಎಂದು ಇಡೀ ಬೀದಿ ಬಂದು ಹೇಳಿದರೂ ಸಕ್ಕರೆ ಹಂಚಲಿಲ್ಲ. ಹಾಸ್ಟೆಲಿನ ರೂಮಿಗೆ ಹೋಗಿ ಅವನ ಟ್ರಂಕು ಇಟ್ಟು, ಹಾಸಿಗೆ ಬಿಚ್ಚಿ ಹಾಸಿ ಬಂದ ಮೇಲೆ ಹಂಚಿದರು. ಈ ಸಲ ಅಮೆರಿಕಾಕ್ಕೆ ಹೊರಡುವಾಗಲೂ ಅಕ್ಕಪಕ್ಕದವರಿಗೆ ಮಗನ ಮನೆಗೆ ಹೋಗಿದ್ದು ಬರುತ್ತೇನೆ ಎಂದಷ್ಟೇ ಹೇಳಿದ್ದರು. ಅವರು ಬೆಂಗಳೂರು ಅಂದುಕೊಂಡಿದ್ದರು.

ನಾನು ಇದಕ್ಕೆ ಪೂರ್ತಿ ಉಲ್ಟಾ. ಅಮೆರಿಕಾದಲ್ಲಿ, ಫಾಸ್ಟರ್ ಸಿಟಿಯ ಔಷಧಿ ಕಂಪನಿಯೊಂದರ ಗುಣಮಟ್ಟದ ವಿಭಾಗದಲ್ಲಿ ನನ್ನ ಕೆಲಸ. ಅಲ್ಲಿ ಮಾಡುವ ಮೊದಲು ಬರೆಯಬೇಕು, ಬರೆದದ್ದನ್ನೇ ಮಾಡಬೇಕು. ಮನೆಯಲ್ಲೂ ಹಾಗೇ ಇದ್ದೇನೆ. ಗಿಲ್‌ರಾಯ್‌ನಲ್ಲಿ ಮನೆ ಕೊಂಡದ್ದೂ ಮುಂದಿನದನ್ನು ಯೋಚಿಸಿಯೇ. ಕೆಲಸಕ್ಕೆ ಹೋಗಿಬರಲು ದಿನಾ ಫ್ರೀವೇನಲ್ಲಿ ಅರ್ಧ ಆಯುಷ್ಯ ಹೋಗುತ್ತದೆ, ಬೇಸಿಗೆಯಲ್ಲಿ ಒಗೆದು ಹಾಕಿದ ಬಟ್ಟೆಗೂ ಸುತ್ತಲಿನ ಹೊಲಗಳ ಬೆಳ್ಳುಳ್ಳಿ ವಾಸನೆ ಹತ್ತುತ್ತದೆ. ಆದರೆ ಉತ್ತರಕ್ಕೆ, ಕಂಪನಿಯ ಹತ್ತಿರ, ಎರಡು ಕೋಣೆ ಸಿಗುವ ಬೆಲೆಗೆ ಇಲ್ಲಿ ಮೂರು ಸಿಕ್ಕವು.

ಆ ಮೂರನೆಯ ಕೋಣೆಯದೇ ಕತೆ. ಮಗಳು ಇಂಚರಾಗೆ ಮೂರು ವರ್ಷವಾಗಿದ್ದಾಗ ನಾನು ಮತ್ತೆ ಬಸುರಿಯಾದೆ. ಐದನೇ ತಿಂಗಳಲ್ಲಿ ನಾನೇ ಏಣಿ ಹತ್ತಿ ಕೋಣೆಗೆ ತಿಳಿಹಳದಿ ಬಣ್ಣ ಹೊಡೆದೆ. ಆರನೆಯ ತಿಂಗಳಿಗೆ ಮಗು ಉಳಿಯಲಿಲ್ಲ. ಫೋನಿನಲ್ಲಿ ವಿಷಯ ಕೇಳಿದ ಅತ್ತೆ, ಬಣ್ಣ ಹೊಡೀಬಾರದಿತ್ತು ಎಂದರು. ಅಷ್ಟೇ. ಬೇರೆ ಒಂದು ಮಾತಿಲ್ಲ. ಡಾಕ್ಟರು ಇನ್ನು ಬೇಡ ಎಂದದ್ದಕ್ಕಿಂತ ಆ ಮಾತು ನನಗೆ ಹೆಚ್ಚು ನಾಟಿತ್ತು.

ದತ್ತು ತೆಗೆದುಕೊಳ್ಳುತ್ತೇವೆ ಎಂದು ಹೇಳಿದಾಗಲೂ ಅವರದು ಒಂದೇ ಮಾತು. ‘ನಿಮ್ಮಿಷ್ಟ ಕಣವ್ವ’ ಎಂದರು. ಒಪ್ಪಿಗೆ ಇಲ್ಲ ಎಂದೇ ನಾನು ತಿಳಿದೆ.

ಆಮೇಲಿನದು ಕಾಗದದ ಕಾಲ. ಈ ದೇಶದ್ದು ಒಂದು ಕಟ್ಟು, ಆ ದೇಶದ್ದು ಒಂದು ಕಟ್ಟು. ಒಂದು ಹಣ್ಣಾಗುವಷ್ಟರಲ್ಲಿ ಇನ್ನೊಂದು ಕೊಳೆತಿರುತ್ತಿತ್ತು. ಬೆರಳಚ್ಚಿನ ಅವಧಿ ಮುಗಿಯಿತು, ಮತ್ತೆ ಕೊಡಿ. ವೈದ್ಯರ ಪತ್ರ ಹಳತಾಯಿತು, ಮತ್ತೆ ತನ್ನಿ. ಕೊನೆಗೂ ರಾಂಚಿ ಕಡೆಯ ಒಂದು ಶಿಶುಗೃಹದಿಂದ ಹುಡುಗನೊಬ್ಬನ ಫೋಟೋ ಬಂತು. ಹೆಸರು ಬಾದಲ್. ದೊಡ್ಡ ಕಿವಿ, ಹಣೆಯ ಮೇಲೆ ಗಾಯದ ಸಣ್ಣ ಗುರುತು. ನಾವು ಒಪ್ಪಿದೆವು, ಅಲ್ಲಿನ ಅಧಿಕಾರಿಗಳು ಒಪ್ಪಿದರು, ದತ್ತು ಆದೇಶ ಬಂತು, ಹುಡುಗನ ಪಾಸ್‌ಪೋರ್ಟೂ ಬಂತು. ಉಳಿದದ್ದು ದೆಹಲಿಯಲ್ಲಿ ಅವನ ವೀಸಾ ಸಂದರ್ಶನ ಒಂದೇ. ಅದಕ್ಕೂ ದಿನ ಗೊತ್ತಾಯಿತು. ನಾವಿಬ್ಬರೂ ಇಂಡಿಯಾಕ್ಕೆ ಹೋದಾಗ ಇಂಚರಾಳನ್ನು ನೋಡಿಕೊಳ್ಳಲು ಅತ್ತೆಯನ್ನು ಕರೆಸಿಕೊಂಡೆವು.

ತಪ್ಪಾದದ್ದು ಅಲ್ಲೇ. ವಾಲ್ನಟ್ ಕ್ರೀಕಿನಲ್ಲಿರುವ ದತ್ತು ಸಂಸ್ಥೆಯವರು ಮಾಮೂಲಿನಂತೆ ಫೋನು ಮಾಡಿದಾಗ, ಈಗೇನೂ ಯೋಚನೆಯಿಲ್ಲ, ನಮ್ಮತ್ತೆ ಬಂದಿದ್ದಾರೆ, ಆರು ತಿಂಗಳು ಇರುತ್ತಾರೆ ಎಂದು ಜಂಬದಿಂದ ಹೇಳಿದೆ. ಆ ಕಡೆ ಟೈಪು ಮಾಡುವ ಸದ್ದು ನಿಂತುಹೋಯಿತು. ಆ ಕಡೆ ಇದ್ದವರು ಮಿಸ್ ಓರ್ಟೆಗಾ, ನಮ್ಮ ಮನೆಯ ಪರಿಶೀಲನೆ ಮಾಡಿದ ಸಮಾಜ ಕಾರ್ಯಕರ್ತೆ. ಮೃದುವಾಗಿಯೇ ವಿವರಿಸಿದರು: ಆರು ತಿಂಗಳು ಇರುವವರು ನೆಂಟರಲ್ಲ, ಮನೆಯ ಸದಸ್ಯರು. ವಯಸ್ಕ ಸದಸ್ಯರು ಹೆಚ್ಚಾದರೆ ವರದಿ ಬದಲಾಗಬೇಕು. ಅವರ ಊರಿನ ಪೊಲೀಸರಿಂದ ಪತ್ರ ಬೇಕು, ಅವರ ಸಂದರ್ಶನ ಆಗಬೇಕು, ಮನೆಯನ್ನು ಮತ್ತೊಮ್ಮೆ ನೋಡಬೇಕು. ಅದಾಗುವವರೆಗೆ ನೀವು ಹೊರಡುವಂತಿಲ್ಲ.

ನಮ್ಮಲ್ಲಿ ಮನೆಗೆ ಮಗು ಬರುತ್ತದೆಂದರೆ ಅಜ್ಜಿ ಬಂದು ಇರುತ್ತಾರೆ. ಅದನ್ನು ಯಾರಿಗಾದರೂ ಹೇಳಿ ಅನುಮತಿ ಪಡೆಯಬೇಕೆಂದು ಯಾರ ತಲೆಗೆ ಹೊಳೆಯುತ್ತದೆ? ಸಹಾಯಕ್ಕೆಂದು ಕರೆಸಿಕೊಂಡವರೇ ಅಡ್ಡಗಾಲಾದರು ಎಂದು ಆ ದಿನ ಬರೆದಿದ್ದೇನೆ. ಈಗ ನೋಡಿದರೆ ಪೆನ್ನು ಒತ್ತಿದ ರಭಸಕ್ಕೆ ಹಾಳೆ ಹರಿದಿದೆ.

ಗುರುಕಿರಣ್ ಅದನ್ನು ತಾಯಿಗೆ ಹೇಳಿದ ರೀತಿಯೂ ಅಷ್ಟು ಚೆನ್ನಾಗಿರಲಿಲ್ಲ.

‘ಅವ್ವ, ನಿನ್ನ ಮೇಲೆ ಏನಾದ್ರೂ ಪೊಲೀಸ್ ಕೇಸು ಇದ್ಯಾ ಅಂತ ಚೆಕ್ ಮಾಡ್ತಾರಂತೆ.’

ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. ‘ಒಂದದೆ. ನಿನ್ನಂಥೋನ್ನ ಹೆತ್ತಿವ್ನಿ ಅಂತ.’

ಪೊಲೀಸ್ ಪತ್ರದ್ದು ಬೇರೆಯೇ ಗೋಳಾಯಿತು. ವಿಚಾರಣೆಗೆಂದು ಊರಿಗೆ ಬಂದ ಪೇದೆ ಪಕ್ಕದ ಮನೆಯ ಮಲ್ಲಪ್ಪನವರನ್ನು ನಂಜಮ್ಮ ಎಂಬುವರು ಇಲ್ಲಿದ್ದಾರಾ ಎಂದು ಕೇಳಿದ. ಪೊಲೀಸರು ಹುಡುಕಿಕೊಂಡು ಬಂದರೆಂದರೆ ಏನೋ ತೊಂದರೆಯಿರಬೇಕು, ಅವರನ್ನು ಉಳಿಸಬೇಕು ಎಂದು ಮಲ್ಲಪ್ಪನವರು, ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದುಬಿಟ್ಟರು. ಪೇದೆ ಅದನ್ನೇ ಬರೆದುಕೊಂಡು ಹೋದ. ಆಮೇಲೆ ನಾವು ಎಷ್ಟು ಫೋನು ಮಾಡಿದೆವೋ, ಯಾರ ಯಾರ ಕಾಲು ಹಿಡಿದೆವೋ. ಪತ್ರವೇನೋ ಬಂತು. ಬರುವಷ್ಟರಲ್ಲಿ ದೆಹಲಿಯ ದಿನ ಹತ್ತಿರಕ್ಕೆ ಬಂದು ಕೂತಿತ್ತು. ಮಿಸ್ ಓರ್ಟೆಗಾ ಬಂದು ನೋಡಿ, ಸರಿ ಎಂದು ಬರೆದುಕೊಟ್ಟರೆ ಹೊರಡಬಹುದು. ಇಲ್ಲದಿದ್ದರೆ ದಿನ ತಪ್ಪುತ್ತದೆ. ಮತ್ತೆ ಯಾವಾಗ ಸಿಗುತ್ತದೋ ಹೇಳುವವರಿಲ್ಲ.

ಈ ನಡುವೆ ಮೂರನೆಯ ಕೋಣೆಯಲ್ಲಿ ನಾನು ಮಗು ಮಲಗುವ ಕ್ರಿಬ್ ಜೋಡಿಸಿದೆ. ಕಪಾಟಿಗೆ ಬೀಗ, ಕಿಟಕಿಗೆ ತಡೆ, ಗೂಡಿನಲ್ಲಿ ಪುಟ್ಟ ಪುಟ್ಟ ಬನಿಯನ್ನುಗಳು. ಅತ್ತೆ ಬಾಗಿಲಿನ ಆಚೆಯೇ ನಿಂತು ನೋಡಿದರು. ಸುತ್ತ ಸರಳುಗಳಿದ್ದ ಕ್ರಿಬ್ಬನ್ನು ಕಂಡು ಕೋರ್ಟಿನ ಕಟಕಟೆ ಇದ್ದಂಗದೆ ಎಂದರು. ಮಗು ಬಂದ ಮೇಲೆ ಜೋಡಿಸಬಾರದೇ ಎಂದು ಕೇಳಿದರು. ಮೊದಲೇ ತೋರಿಸಬೇಕು, ಅದು ಇಲ್ಲಿನ ನಿಯಮ ಎಂದೆ. ಅವರು ಮತ್ತೆ ಆ ಕೋಣೆಯ ಕಡೆ ಬಂದದ್ದನ್ನು ನಾನು ಕಾಣಲಿಲ್ಲ. ವಾರಕ್ಕೊಮ್ಮೆ ಶಿಶುಗೃಹದಿಂದ ವಿಡಿಯೋ ಕಾಲು ಬಂದಾಗಲೂ ಅಷ್ಟೇ. ನಾವು ಮೂವರೂ ಪರದೆಯ ಮುಂದೆ ನೂಕಾಡುತ್ತಿದ್ದರೆ ಅವರು ಫೋನಿನ ಹಿಂದೆ ಗೋಡೆಗೆ ಒರಗಿ ನಿಂತಿರುತ್ತಿದ್ದರು. ಹೆಸರು ಹಿಡಿದು ಕರೆದವರಲ್ಲ. ‘ಬರೋನು’ ಎನ್ನುತ್ತಿದ್ದರು. ಬರೋನು ಮುದ್ದೆ ತಿಂತಾನಾ, ಬರೋನ್ಗೆ ಹಲ್ಲು ಎಷ್ಟು ಬಂದವೆ. ಪರದೆಯ ಮುಂದೆ ಬನ್ನಿ ಎಂದರೆ, ಬರಲಿ ನೋಡಾನ.

ಪರಿಶೀಲನೆಯ ಬೆಳಿಗ್ಗೆ ರಜೆ ಹಾಕಿದ್ದೆ. ಇಂಚರಾಗೂ ಶಾಲೆಗೆ ರಜೆ. ಬರುವವರಿಗೆ ಟೀ ಮಾಡೋಣವೆಂದು ಶುಂಠಿ ಜಜ್ಜಲು ಹೋದರೆ ಒರಳಿನಲ್ಲಿ ಗುಂಡುಕಲ್ಲಿಲ್ಲ. ನಮ್ಮ ಬೀದಿಯ ಮೆಕ್ಸಿಕನ್ ಅಂಗಡಿಯಲ್ಲಿ ಹಿಂದೊಮ್ಮೆ ಆಸೆಪಟ್ಟು ಕೊಂಡ ಕಪ್ಪು ಕಲ್ಲಿನ ದೊಡ್ಡ ಒರಳು ಅದು. ಮೈಯೆಲ್ಲ ತೂತು ತೂತು ಎಂದು ಅತ್ತೆ ಬಂದ ಮೊದಲ ದಿನವೇ ಹೀಗಳೆದಿದ್ದರು. ಆಮೇಲೆ ಚಟ್ನಿಗೆ ಬೇರೆ ಯಾವುದನ್ನೂ ಮುಟ್ಟಿರಲಿಲ್ಲ. ಗುಂಡುಕಲ್ಲು ಎಲ್ಲಿ ಎಂದು ಕೇಳಿದರೆ, ಮಿಕ್ಸಿಗೆ ಹಾಕವ್ವ ಎಂದು ಮಾತು ತೇಲಿಸಿದರು. ಕಾಲಿಂಗ್ ಬೆಲ್ ಆಯಿತು.

ಮಿಸ್ ಓರ್ಟೆಗಾ ಹೊಗೆಯ ಅಲಾರಂ ನೋಡಿದರು, ನಲ್ಲಿಯ ಬಿಸಿನೀರು ಎಷ್ಟು ಸುಡುತ್ತದೆಂದು ನೋಡಿದರು, ಔಷಧಿಯ ಪೆಟ್ಟಿಗೆಗೆ ಬೀಗವಿದೆಯೇ ನೋಡಿದರು. ಎಲ್ಲದಕ್ಕೂ ಸರಿ ಎಂದು ಗುರುತು ಹಾಕಿಕೊಂಡು ಮೂರನೆಯ ಕೋಣೆಯ ಬಾಗಿಲು ತೆಗೆದವರು ಅಲ್ಲೇ ನಿಂತರು. ನನ್ನ ಕಡೆ ತಿರುಗಿ, ದನಿ ತಗ್ಗಿಸಿ, ಮಗು ಆಗಲೇ ಬಂದುಬಿಟ್ಟಿದೆಯೇ ಎಂದು ಕೇಳಿದರು.

ಕ್ರಿಬ್ಬಿನಲ್ಲಿ ಯಾರೋ ಮಲಗಿದ್ದರು. ಆನೆಯ ಚಿತ್ರದ ಹೊಸ ಹೊದಿಕೆ ಕತ್ತಿನವರೆಗೆ, ತಲೆಗೆ ಕೆಂಪು ಬಟ್ಟೆಯ ಕುಲಾವಿ. ಹೊದಿಕೆ ಸರಿಸಿದೆ. ನಮ್ಮ ಒರಳಿನ ಗುಂಡುಕಲ್ಲು. ಮೈತುಂಬ ಅರಿಸಿನ, ನಡುವೆ ಕುಂಕುಮ.

ನಮ್ಮ ಕಡೆ ನಾಮಕರಣದ ದಿನ ಮಗುವನ್ನು ತೊಟ್ಟಿಲಿಗೆ ಹಾಕುವ ಮೊದಲು ಗುಂಡುಕಲ್ಲನ್ನು ತೊಳೆದು, ಕುಲಾವಿ ಹಾಕಿ, ಗುಂಡಪ್ಪ ಎಂದು ಕರೆದು ಮಲಗಿಸಿ ತೂಗುತ್ತಾರೆ. ಕಲ್ಲು ಎದ್ದ ಮೇಲೆ ಮಗು. ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೆಂದು ನಾನು ಮಾತು ಕೂಡಿಸುತ್ತಿದ್ದೆ. ಅಷ್ಟರಲ್ಲಿ ಇಂಚರಾ ಮುಂದೆ ಬಂದು ತನ್ನ ಇಂಗ್ಲಿಷಿನಲ್ಲಿ ಎಲ್ಲ ಹೇಳಿಬಿಟ್ಟಳು. ಇವನು ಗುಂಡಪ್ಪ. ತಮ್ಮ ಬರುವವರೆಗೆ ಜಾಗ ಹಿಡಿದುಕೊಂಡಿರುತ್ತಾನೆ, ಇಂಡಿಯಾದ ಬಸ್ಸಿನಲ್ಲಿ ಸೀಟಿಗೆ ಟವೆಲು ಹಾಕುತ್ತಾರಂತಲ್ಲ, ಹಾಗೆ. ಹಾಸಿಗೆ ಖಾಲಿ ಬಿಟ್ಟರೆ ಬೇರೆ ಏನಾದರೂ ಬಂದು ಮಲಗುತ್ತದಂತೆ.

ಬೇರೆ ಏನು ಎಂದು ಮಿಸ್ ಓರ್ಟೆಗಾ ಕೇಳಿದರು.

ಅಜ್ಜಿ ಅದರ ಹೆಸರು ಹೇಳುವುದಿಲ್ಲ ಎಂದಳು ಮಗಳು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಿಸ್ ಓರ್ಟೆಗಾ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದರು. ನಮ್ಮಜ್ಜಿಯ ಅಡುಗೆಮನೆಯಲ್ಲೂ ಇಂಥದ್ದೇ ಇತ್ತು ಎಂದರು. ಸದ್ಯ ಬದುಕಿಕೊಂಡೆ ಎಂದು ನಾನು ಉಸಿರು ಬಿಡುವಷ್ಟರಲ್ಲಿ, ಆದರೆ ಅದು ಅಡುಗೆಮನೆಯಲ್ಲಿತ್ತು ಎಂದು ಸೇರಿಸಿ, ಮಗುವಿನ ಹಾಸಿಗೆಯಲ್ಲಿ ಭಾರವಾದ ಗಟ್ಟಿ ವಸ್ತು ಎಂದು ಬರೆದುಕೊಂಡರು.

ಆಮೇಲೆ ಅತ್ತೆಯ ಸಂದರ್ಶನ. ಮನೆಯವರು ಅನುವಾದ ಮಾಡುವಂತಿಲ್ಲ. ಫೋನಿನಲ್ಲಿ ಅನುವಾದಕಿಯೊಬ್ಬರನ್ನು ಹಿಡಿದರು. ದನಿ ಕೇಳಿದರೆ ಉಡುಪಿ ಕಡೆಯವರು. ಊಟದ ಕೋಣೆಯ ಬಾಗಿಲು ಮುಚ್ಚಿತು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತೆ. ಮೊದಲು ಅತ್ತೆ ಅನುವಾದಕಿಯ ಊರು ಯಾವುದೆಂದು ವಿಚಾರಿಸಿದ್ದು ಕೇಳಿಸಿತು. ಆಮೇಲೆ ಬರೀ ಗುಜುಗುಜು. ಒಮ್ಮೆ ಅತ್ತೆ ನಕ್ಕರು. ನಾನು ಕಾಪಾಡು ಎಂದು ಮನೆದೇವರನ್ನೆಲ್ಲ ಕರೆದೆ.

ಹೊರಗೆ ಬಂದ ಮಿಸ್ ಓರ್ಟೆಗಾ ಟೀ ಬೇಡವೆಂದರು. ಕೆಲವು ವಿಷಯ ಯೋಚಿಸಬೇಕು, ಇನ್ನೊಮ್ಮೆ ಬರಬೇಕಾಗುತ್ತದೆ ಎಂದರು. ಕಾರು ತಿರುವು ದಾಟುವವರೆಗೆ ನಗುತ್ತಾ ಕೈ ಬೀಸಿ ನಾನು ಒಳಗೆ ಬಂದೆ. ಅತ್ತೆ ಆಗಲೇ ಸಿಂಕಿನ ಮುಂದೆ ನಿಂತು ಕಲ್ಲಿನ ಅರಿಸಿನ ತೊಳೆಯುತ್ತಿದ್ದರು.

‘ಏನ್ ಕೇಳಿದ್ರು ಅತ್ತೆ?’

‘ಏನೇನೋ ಕೇಳುದ್ರು. ಆ ಉಡುಪಿ ಯಮ್ಮ ಪುಸ್ತಕ ಓದ್ದಂಗೆ ಮಾತಾಡ್ತಳೆ. ಮಕ್ಕಳ್ಗೆ ಹೊಡೀತೀರಾ ಅಂದ್ರು. ಮಗನ್ಗೆ ಹೊಡ್ದಿವ್ನಿ, ಹೊಡಸ್ಕಳೋ ಕೆಲ್ಸ ಮಾಡ್ದಾಗ. ಇಂಚರಂಗೆ ಇಲ್ಲ ಅಂದೆ.’

ನಾನು ಅಡುಗೆಮನೆಯ ನೆಲದ ಮೇಲೇ ಕೂತೆ. ‘ಆಮೇಲೆ?’

‘ಇಂಚರನ್ನ ಹೆಂಗೋ ಬರೋನ್ನೂ ಹಂಗೇ ಪಿರೀತಿ ಮಾಡ್ತೀರಾ ಅಂದ್ರು. ಗೊತ್ತಿಲ್ಲ ಅಂದೆ.’

‘ಗೊತ್ತಿಲ್ಲ ಅಂದ್ರಾ?’

‘ನಾನು ಅವ್ನ ಮೊಕ ನೋಡಿಲ್ಲ, ಅವ್ನು ನನ್ ಮೊಕ ನೋಡಿಲ್ಲ. ಅವ್ನು ನನ್ನ ಒಪ್ತನೋ ಇಲ್ವೋ. ಇವತ್ತೇ ಹೆಂಗವ್ವ ಯೋಳದು?’

‘ಒಂದು ಹೂಂ ಅಂದಿದ್ರೆ ಆಗ್ತಿತ್ತು ಅತ್ತೆ. ಒಂದೇ ಒಂದು ಹೂಂ.’

ಅವರು ನಲ್ಲಿ ನಿಲ್ಲಿಸಿದರು. ನಾನು ನಿಲ್ಲಿಸಲಿಲ್ಲ. ಅವನು ಬರುವುದೇ ನಿಮಗೆ ಬೇಡ ಎಂದೆ. ಫೋನಿನ ಹಿಂದೆ ಹೋಗಿ ನಿಲ್ಲುತ್ತೀರಿ, ಹೆಸರು ಹೇಳುವುದಿಲ್ಲ, ಕೋಣೆಗೆ ಕಾಲಿಡುವುದಿಲ್ಲ, ಕೊನೆಗೆ ಕಲ್ಲು ತಂದು ಮಲಗಿಸಿ ಎಲ್ಲ ಹಾಳು ಮಾಡಿದಿರಿ. ವರ್ಷಗಳಿಂದ ಗಂಟಲಲ್ಲಿದ್ದದ್ದೂ ಬಂತು. ಆವತ್ತೂ ಅಷ್ಟೇ, ಬಣ್ಣ ಹೊಡೆದದ್ದು ನನ್ನ ತಪ್ಪು ಅಂದಿರಿ.

ಅತ್ತೆ ಕೈ ಒರೆಸಿಕೊಂಡು ಬಂದು ನನ್ನ ಎದುರಿಗೆ, ಮೊಣಕಾಲು ಹಿಡಿದುಕೊಂಡು ನಿಧಾನ ಕೂತರು. ಸೆರಗಿನಲ್ಲಿ ಸಿಕ್ಕಿಸಿಕೊಂಡಿದ್ದ ಕೆಂಪು ಕುಲಾವಿಯನ್ನು ತೆಗೆದು ನನ್ನ ಮಡಿಲಿಗೆ ಹಾಕಿದರು. ಹಳೆಯ ಮೆತ್ತನೆ ಬಟ್ಟೆ. ಅಂಚಿಗೆ ಕೈಹೊಲಿಗೆ.

‘ನೀನೊಬ್ಳೇ ಬಣ್ಣ ಹೊಡ್ದಿದ್ದಲ್ಲ ಕಣವ್ವ. ನಾನೂ ಇದ್ನ ಹೊಲ್ದು ಮಡಗಿದ್ದೆ. ಬಾಯ್ಬುಟ್ಟು ಯೋಳ್ನಿಲ್ಲ, ಅಷ್ಟೇಯ.’

ನಾನು ಕುಲಾವಿಯ ಹೊಲಿಗೆಯ ಮೇಲೆ ಬೆರಳಾಡಿಸಿದೆ. ಅವರೇ ಮತ್ತೆ ಹೇಳಿದರು.

‘ಅದ್ಕೇ ಕಲ್ಲು ಮಡಗದು. ಕಲ್ಗೇನೂ ಆಗಕಿಲ್ಲ.’

ಇಷ್ಟಾದ ಮೇಲೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕುಲಾವಿಯನ್ನು ಮಡಚಿ ಕಪಾಟಿನಲ್ಲಿಟ್ಟೆ, ಅತ್ತೆಯ ಮೇಲಿನ ಸಿಟ್ಟು ಹಾಗೇ ಉಳಿಯಿತು. ಅವರ ದುಃಖ ಅವರದು. ನನ್ನ ಮಗ ಇನ್ನೂ ರಾಂಚಿಯಲ್ಲೇ ಇದ್ದ. ಸಂಸ್ಥೆಗೆ ಮೇಲ್ ಕಳಿಸಿದೆ, ಫೋನು ಮಾಡಿದೆ, ವಿವರಣೆ ಬರೆದೆ, ಕ್ರಿಬ್ ಖಾಲಿಯಿರುವ ಫೋಟೋ ತೆಗೆದು ಕಳಿಸಿದೆ. ಮಿಸ್ ಓರ್ಟೆಗಾಗೆ ಬೇರೆ ಮನೆಗಳೂ ಇದ್ದವು. ನೋಡುತ್ತಿದ್ದಂತೆ ದೆಹಲಿಯ ದಿನ ಕೈತಪ್ಪಿ ಹೋಯಿತು. ವಿಮಾನದ ಟಿಕೆಟು ರದ್ದು ಮಾಡಲು ಫೋನಿನಲ್ಲಿ ಕಾಯುತ್ತಾ, ಕಂಪನಿಯ ಪಾರ್ಕಿಂಗ್ ಲಾಟಿನಲ್ಲಿ, ಸ್ಟೀರಿಂಗಿಗೆ ಹಣೆಯಿಟ್ಟು ಅತ್ತುಬಿಟ್ಟೆ.

ಆ ವಾರದ ವಿಡಿಯೋ ಕಾಲು ಬಂತು. ಬೇಡವಾಗಿತ್ತು, ಆದರೂ ತೆಗೆದುಕೊಂಡೆ.

ಮಗುವಿನ ಮನಸ್ಸನ್ನು ಸಿದ್ಧ ಮಾಡಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ಅದರಂತೆ ಅಲ್ಲಿನ ಆಯಾಗೆ ನಾನೇ ಹೇಳಿದ್ದೆ, ಅಮ್ಮ ಅಪ್ಪ ಬರುತ್ತಾರೆ ಎಂದು ದಿನಾ ಅವನಿಗೆ ಹೇಳುತ್ತಿರಿ, ನಮ್ಮ ಫೋಟೋ ತೋರಿಸಿ, ನಾವು ಕಳಿಸಿದ ಬೂಟನ್ನು ಬರುವ ದಿನ ಹಾಕಿ ಎಂದು. ದಿನ ತಪ್ಪಿದ ವಿಷಯ ಆಯಾಗೆ ಯಾರೂ ಹೇಳಿರಲಿಲ್ಲ. ಪರದೆ ತೆರೆದಾಗ ಬಾದಲ್ ನಿಂತಿದ್ದ. ತಲೆ ಬಾಚಿ, ಪೌಡರು ಹಾಕಿ, ಕಾಲಿಗೆ ನೀಲಿ ಬೂಟು. ಬೆಳಗಿನಿಂದ ಬಿಚ್ಚಲು ಬಿಡುತ್ತಿಲ್ಲ ಎಂದು ಆಯಾ ನಗುತ್ತಾ ಹೇಳಿದರು. ಅವನು ಫೋನಿನಲ್ಲಿದ್ದ ನನ್ನನ್ನು ನೋಡಿದ. ಕತ್ತು ತಿರುಗಿಸಿ ಬಾಗಿಲನ್ನು ನೋಡಿದ. ಮತ್ತೆ ನನ್ನನ್ನು ನೋಡಿದ.

ಗುರುಕಿರಣ್ ಎದ್ದು ಹೋದ. ಇಂಚರಾ ಅವನೇಕೆ ಬೂಟು ಹಾಕಿದ್ದಾನೆ ಎಂದು ಕೇಳುತ್ತಲೇ ಇದ್ದಳು.

ಫೋನಿನ ಹಿಂದೆ ನಿಂತಿದ್ದ ಅತ್ತೆ ಸುತ್ತಿ ಬಂದು ನನ್ನ ಪಕ್ಕ ಕೂತರು. ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ಮುಖಕ್ಕೆ ತೀರ ಹತ್ತಿರ ಹಿಡಿದು, ಮೊದಲ ಸಲ ಅವನನ್ನು ನೋಡಿದರು.

‘ಬಿಚ್ಚಾಕು ಮಗಾ. ಕಾಲು ನೊಯ್ತದೆ.’

ಕನ್ನಡ ಅವನಿಗೆ ಎಲ್ಲಿಂದ ಬರಬೇಕು? ಆದರೆ ಹುಡುಗ ಬಾಗಿಲಿನಿಂದ ಕಣ್ಣು ತೆಗೆದು ಪರದೆಯಲ್ಲಿ ದೊಡ್ಡದಾಗಿ ಕಾಣುತ್ತಿದ್ದ ಅತ್ತೆಯ ಮೂಗುಬೊಟ್ಟನ್ನೇ ನೋಡಿದ. ಅತ್ತೆ ತಮ್ಮ ಕಾಲೆತ್ತಿ, ಮನೆಯೊಳಗೆ ಹಾಕಿಕೊಳ್ಳುವ ಉಣ್ಣೆಯ ಕಾಲುಚೀಲವನ್ನು ಎಳೆದು ಬಿಚ್ಚಿ ತೋರಿಸಿದರು. ಇನ್ನೊಂದನ್ನೂ ಬಿಚ್ಚಿದರು. ಅವನು ನೆಲದ ಮೇಲೆ ಕೂತು ಕಾಲು ಚಾಚಿದ. ಆಯಾ ಬೂಟು ಬಿಚ್ಚಿದರು. ನಾವು ಬರುತ್ತೇವೆ, ಬೇಗ ಬರುತ್ತೇವೆ ಎಂದು ಹೇಳಬೇಕೆಂದು ಬಾಯಿ ತೆಗೆದೆ. ಅತ್ತೆ ಫೋನು ನನಗೆ ಕೊಡಲಿಲ್ಲ.

ಅವತ್ತಿನಿಂದ ಯಾವ ದಿನಾಂಕವನ್ನೂ ಅವನಿಗೆ ಹೇಳಬೇಡಿ ಎಂದು ಆಯಾಗೆ ತಿಳಿಸಿದೆ.

ಮಿಸ್ ಓರ್ಟೆಗಾ ಎರಡನೆಯ ಸಲ ಬಂದಾಗ ಕ್ರಿಬ್ ಬೋಳಾಗಿತ್ತು, ಗುಂಡುಕಲ್ಲು ಒರಳಿನಲ್ಲಿತ್ತು. ಅದನ್ನು ಅಲ್ಲಿಂದ ಕದಲಿಸುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಅವರು ಅತ್ತೆಯನ್ನು ಏನೂ ಕೇಳಲಿಲ್ಲ. ಈ ಸಲ ಟೀ ಕುಡಿದರು. ಕೊನೆಗೆ ಕೈಗೆ ಬಂದ ವರದಿಯಲ್ಲಿ ಅತ್ತೆಯ ಬಗ್ಗೆ ಒಂದು ಪ್ಯಾರಾ ಇತ್ತು. ವಯಸ್ಸು, ಆರೋಗ್ಯ, ಊರು ಎಲ್ಲ ಬರೆದು, ಅಜ್ಜಿ ನೇರ ಸ್ವಭಾವದವರು, ಕೊಡಲಾಗದ ಆಶ್ವಾಸನೆಯನ್ನು ಕೊಡುವುದಿಲ್ಲ, ಮಗುವನ್ನು ಇವರ ಜೊತೆ ಬಿಡಬಹುದು ಎಂದಿತ್ತು. ಗುರುಕಿರಣ್ ಅದನ್ನು ಕನ್ನಡದಲ್ಲಿ ಓದಿ ಹೇಳಿದ. ಅದ್ಕೆ ಇಷ್ಟು ದಿನ ಬೇಕಾಯ್ತಾ ಎಂದರು ಅತ್ತೆ. ಆ ಒಂದು ವಿಷಯದಲ್ಲಿ ನಮ್ಮಿಬ್ಬರದೂ ಒಂದೇ ಅಭಿಪ್ರಾಯ.

ದೆಹಲಿಯಲ್ಲಿ ಹೊಸ ದಿನ ಸಿಗುವುದಕ್ಕೆ ಮತ್ತಷ್ಟು ಕಾದೆವು. ಆ ಹೊತ್ತಿಗೆ ನಾನು ಕೊಂಡಿಟ್ಟಿದ್ದ ಬನಿಯನ್ನುಗಳು ಅವನಿಗೆ ಚಿಕ್ಕವಾಗಿದ್ದವು.

ಇವತ್ತು ಮಧ್ಯಾಹ್ನ ಹೊರಟೆವು. ಗುರುಕಿರಣ್ ಪೆಟ್ಟಿಗೆಗಳನ್ನು ಕಾರಿಗೆ ತುಂಬಿ, ಫ್ರೀವೇನಲ್ಲಿ ಎಲ್ಲೋ ಆಕ್ಸಿಡೆಂಟಾಗಿದೆಯಂತೆ, ಬೇಗ ಬಾ ಎಂದು ಕೂಗುತ್ತಿದ್ದ. ಹುಡುಗನ ಒಂದು ಸ್ವೆಟರು ಮರೆತಿದ್ದೆ. ತರಲೆಂದು ಮೂರನೆಯ ಕೋಣೆಗೆ ಓಡಿದೆ.

ಕ್ರಿಬ್ಬಿನಲ್ಲಿ ಗುಂಡಪ್ಪ ಮಲಗಿದ್ದ. ಕುಲಾವಿಯನ್ನು ನಾನೆಲ್ಲಿಟ್ಟಿದ್ದೆ ಎಂಬುದು ಅತ್ತೆಗೆ ಹೇಗೆ ಗೊತ್ತಾಯಿತೋ, ಅದೂ ತಲೆಯ ಮೇಲಿತ್ತು. ಮಾತು ಕೊಟ್ಟವಳು ನಾನು. ಎತ್ತಿಕೊಂಡು ಹೋಗಿ ಒರಳಿಗೆ ಹಾಕಿ, ಇನ್ನೆಷ್ಟು ಸಲ ಹೇಳಬೇಕು ಅತ್ತೆ ಎಂದು ಕೇಳುವುದು ನಾಲ್ಕು ಹೆಜ್ಜೆಯ ಕೆಲಸ. ಸ್ವೆಟರು ತೆಗೆದುಕೊಂಡೆ. ಹೊದಿಕೆ ಒಂದು ಕಡೆ ಜಾರಿತ್ತು. ಅದನ್ನು ಕತ್ತಿನವರೆಗೆ ಎಳೆದು ಸರಿಮಾಡಿದೆ.

ಮುಂಬಾಗಿಲಲ್ಲಿ ಇಂಚರಾ ಅಜ್ಜಿಯ ಸೀರೆ ಹಿಡಿದು ನಿಂತಿದ್ದಳು. ಅವಳಿಗೆ ಮುತ್ತು ಕೊಟ್ಟೆ. ಅತ್ತೆ ಹುಷಾರು ಎನ್ನಲಿಲ್ಲ, ಕರಕೊಂಡು ಬನ್ನಿ ಎನ್ನಲಿಲ್ಲ. ಬಾಗಿಲು ಹಾಕಿಕೊಳ್ಳಲು ಕಾಯುತ್ತಿರುವವರ ಹಾಗೆ ಚಿಲಕದ ಮೇಲೆ ಕೈಯಿಟ್ಟಿದ್ದರು.

‘ಚಟ್ನಿಗೆ ಮಿಕ್ಸಿ ಹಾಕ್ಕೊಳ್ಳಿ ಅತ್ತೆ,’ ಎಂದೆ, ‘ನಾವು ಬರೋವರೆಗೂ.’

ಅವರು ನನ್ನ ಕೈಯಲ್ಲಿದ್ದ ಸ್ವೆಟರು ನೋಡಿದರು, ಎಲ್ಲಿಂದ ಬಂದೆನೆಂದು ಗೊತ್ತಾಗಿರಬೇಕು.

‘ಹೂಂ,’ ಎಂದರು.